ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅರ್ಧ ತರಗತಿ ಗಣಿತದಲ್ಲಿ ಫೇಲು: ಉಳಿದ ಎಂಟು ವಾರದಲ್ಲಿ ಏನು ಹಿಡಿಯಬೇಕು, ಏನು ಬಿಡಬೇಕು?

ಹೊಸ ಹೆಚ್‌ಎಂ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಳ್ಳಿಯ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ, ಹತ್ತನೇ ತರಗತಿಯಲ್ಲಿ 41 ಮಕ್ಕಳು. ಮೊದಲ ಪೂರ್ವಸಿದ್ಧತಾ ಪರೀಕ್ಷೆಯ ಅಂಕಪಟ್ಟಿ ಕೈಯಲ್ಲಿದೆ. ಗಣಿತದಲ್ಲಿ 80ಕ್ಕೆ 28 ದಾಟದವರು 20 ಮಂದಿ, ವಿಜ್ಞಾನದಲ್ಲಿ 17, ಇಂಗ್ಲಿಷಿನಲ್ಲಿ 14. ಕನ್ನಡ, ಹಿಂದಿ, ಸಮಾಜದಲ್ಲಿ ಅಷ್ಟು ಚಿಂತೆಯಿಲ್ಲ. ಗಣಿತದ ಕಾಯಂ ಹುದ್ದೆ ಖಾಲಿ, ಅತಿಥಿ ಶಿಕ್ಷಕರು ನಡೆಸುತ್ತಿದ್ದಾರೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ಕ್ಕೆ (ವರ್ಷದ ಮೊದಲ ಮಂಡಳಿ ಪರೀಕ್ಷೆಗೆ) ಸುಮಾರು ಎಂಟು ವಾರ ಇದೆ.

ಕೇಳಬೇಕಾದ್ದು ಇಷ್ಟು:

ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೋತ್ತರಗಳ ಕಟ್ಟು) ಹಂಚಿ ತಿಂಗಳಾಯಿತು. ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಪತ್ರಿಕೆಯಲ್ಲಿ ಅಂಕ ಕಾಣುತ್ತಿಲ್ಲ. ಅದನ್ನೇ ಮುಂದುವರಿಸಬೇಕೆ?

ಬೆಳಿಗ್ಗೆ ಒಂದು, ಸಂಜೆ ಒಂದು ವಿಶೇಷ ತರಗತಿ ನಡೆಯುತ್ತಿದೆ. ಎಲ್ಲ 41 ಮಕ್ಕಳೂ ಒಟ್ಟಿಗೇ ಕೂರುತ್ತಾರೆ. ಗುಂಪು ಮಾಡುವುದಾದರೆ ಯಾವ ಲೆಕ್ಕದಲ್ಲಿ?

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಪ್ರಗತಿ ಪರಿಶೀಲನಾ ಸಭೆಯಲ್ಲಿ "ಹೋದ ವರ್ಷಕ್ಕಿಂತ ಶೇಕಡಾ ಎಷ್ಟು ಏರಿಸುತ್ತೀರಿ" ಎಂದು ಬರೆದು ಕೊಡಲು ಹೇಳಿದ್ದಾರೆ. ಏನೆಂದು ಬರೆಯುವುದು?

ಧೈರ್ಯ ತುಂಬುವ ಮಾತು ಸಾಕಷ್ಟು ಸಿಕ್ಕಿದೆ. ಕೆಲಸ ಮಾಡುವ ದಾರಿ ಹೇಳಿ.

---

ಗಣಿತದ ಮೇಷ್ಟ್ರು

ಸರ್, 20 ಮಂದಿ 28 ದಾಟಿಲ್ಲ ಅನ್ನುವುದರಿಂದ ಏನೂ ಮಾಡಲಾಗದು. ಆ 20 ಮಂದಿ ಯಾವ ಪ್ರಶ್ನೆಯಲ್ಲಿ, ಯಾವ ಸಾಲಿನಲ್ಲಿ ಅಂಕ ಕಳೆದುಕೊಂಡರು ಅನ್ನುವುದು ಉತ್ತರ ಪತ್ರಿಕೆಯಲ್ಲಿದೆ. ಮೊದಲು ಅದನ್ನು ಹೊರಗೆ ತೆಗೆಯಿರಿ. ಒಂದು ವಿಷಯಕ್ಕೆ ಒಂದು ಸಂಜೆ ಸಾಕು.

ದೊಡ್ಡ ಹಾಳೆಯೊಂದರಲ್ಲಿ ಎಡಕ್ಕೆ 41 ಹೆಸರು, ಮೇಲೆ 1ರಿಂದ 38ರವರೆಗೆ ಪ್ರಶ್ನೆ ಸಂಖ್ಯೆ. ಪ್ರತಿ ಮನೆಯಲ್ಲಿ ಅಂಕ ಬರೆಯಬೇಡಿ, ನಾಲ್ಕು ಗುರುತು ಹಾಕಿ: ಪೂರ್ಣ ಅಂಕ ಬಂದರೆ "ಪೂ", ಅರ್ಧಂಬರ್ಧ ಬಂದರೆ "ಅ", ಬರೆದೂ ಸೊನ್ನೆಯಾದರೆ "ತ", ಮುಟ್ಟದೇ ಬಿಟ್ಟಿದ್ದರೆ "ಖಾ". ತಪ್ಪಿಗೂ ಖಾಲಿಗೂ ಅಂಕಪಟ್ಟಿಯಲ್ಲಿ ಒಂದೇ ಸೊನ್ನೆ. ಆದರೆ ಎರಡಕ್ಕೂ ಮದ್ದು ಬೇರೆ ಬೇರೆ.

ಈಗ ಮೇಲಿಂದ ಕೆಳಕ್ಕೆ ಓದಿ. ಒಂದು ಪ್ರಶ್ನೆಯ ಕೆಳಗೆ ಬರೀ "ಖಾ" ಇದ್ದರೆ ಆ ಪಾಠ ಮಕ್ಕಳ ತಲೆಯಲ್ಲಿ ಕೂತೇ ಇಲ್ಲ ಎಂದರ್ಥ. ಬರೀ "ತ" ಇದ್ದರೆ ಎಲ್ಲರೂ ಒಂದೇ ತಪ್ಪು ಮಾಡಿರುತ್ತಾರೆ. ನಾಲ್ಕು ಪತ್ರಿಕೆ ತೆರೆದು ನೋಡಿದರೆ ಸಿಕ್ಕಿಬೀಳುತ್ತದೆ. "ಅ" ಜಾಸ್ತಿ ಇರುವ ಪ್ರಶ್ನೆಗಳು ನಿಮ್ಮ ಪಾಲಿನ ಸುಲಭದ ಅಂಕ, ಹೊಸದಾಗಿ ಕಲಿಸಬೇಕಾದ್ದು ಕಡಿಮೆ. ಆಮೇಲೆ ಅಡ್ಡಕ್ಕೆ ಓದಿ. 25ನೇ ಪ್ರಶ್ನೆಯವರೆಗೆ ಬರೆದು ಅಲ್ಲಿಂದಾಚೆ ಖಾಲಿ ಬಿಟ್ಟ ಮಗುವಿಗೆ ಗಣಿತ ಬರುವುದಿಲ್ಲ ಅನ್ನಬೇಡಿ, ಅದಕ್ಕೆ ಸಮಯ ಸಾಲಲಿಲ್ಲ.

ಪತ್ರಿಕೆಯ ವಿನ್ಯಾಸ ನಿಮಗೆ ಗೊತ್ತೇ ಇದೆ, ಲೆಕ್ಕಕ್ಕಾಗಿ ಬರೆಯುತ್ತೇನೆ: ಬಹು ಆಯ್ಕೆ 8, ಒಂದು ಅಂಕದ್ದು 8, ಎರಡು ಅಂಕದ್ದು 8, ಮೂರು ಅಂಕದ್ದು 9, ನಾಲ್ಕು ಅಂಕದ್ದು 4, ಐದು ಅಂಕದ್ದು 1. ಒಂದು ಮತ್ತು ಎರಡು ಅಂಕದವೇ ಸೇರಿ 32. ಅಂದರೆ ಪತ್ರಿಕೆಯ ಶೇ 40 ಭಾಗಕ್ಕೆ ಸೂತ್ರ ನೆನಪಿರಬೇಕು, ಬೆಲೆ ಹಾಕಿ ತಪ್ಪಿಲ್ಲದೆ ಕೂಡಿ ಕಳೆಯಲು ಬರಬೇಕು, ಅಷ್ಟೆ. ಆದರೂ ಮಕ್ಕಳು ಅಲ್ಲೇ ಎಡವುತ್ತಾರೆ. ಕಾರಣ ಹತ್ತನೇ ತರಗತಿಯ ಪಾಠವಲ್ಲ.

ಒಂದು ಉದಾಹರಣೆ. 5, 8, 11 ಎಂಬ ಸಮಾಂತರ ಶ್ರೇಢಿಯ 20ನೇ ಪದ ಕೇಳಿದೆ ಎಂದುಕೊಳ್ಳಿ. ಮಗು ಸೂತ್ರ ಸರಿಯಾಗಿ ಬರೆಯುತ್ತದೆ, ಬೆಲೆಯನ್ನೂ ಸರಿಯಾಗಿ ಹಾಕುತ್ತದೆ: 5 + 19 × 3. ಮುಂದಿನ ಸಾಲಿನಲ್ಲಿ 24 × 3 = 72 ಎಂದು ಬರೆಯುತ್ತದೆ. ಉತ್ತರ 62 ಆಗಬೇಕಿತ್ತು. ಇದು ಶ್ರೇಢಿಯ ತಪ್ಪಲ್ಲ, ಮೊದಲು ಗುಣಿಸಿ ಆಮೇಲೆ ಕೂಡಬೇಕು ಅನ್ನುವ ಕೆಳಗಿನ ತರಗತಿಯ ವಿಷಯ. ಈ ಮಗುವಿಗೆ ಪ್ಯಾಕೇಜಿನ ಇಪ್ಪತ್ತು ಶ್ರೇಢಿ ಲೆಕ್ಕ ಕೊಟ್ಟರೆ ಇಪ್ಪತ್ತು ಸಲ ಅದೇ ತಪ್ಪು ಮಾಡುತ್ತದೆ.

ವರ್ಗ ಸಮೀಕರಣ ಇನ್ನೂ ಸ್ಪಷ್ಟ. ಎಕ್ಸ್ ವರ್ಗದ ಸಹಗುಣಕ 2, ಎಕ್ಸ್‌ನ ಸಹಗುಣಕ −5, ಸ್ಥಿರಾಂಕ 3. ಶೋಧಕ (ಬಿ ವರ್ಗ − 4ಎಸಿ) 25 − 24 = 1 ಬರಬೇಕು. ಮಗು −5ರ ವರ್ಗವನ್ನು −25 ಎಂದು ಬರೆದು, −25 − 24 = −49 ಮಾಡಿ, ವರ್ಗಮೂಲ ಚಿಹ್ನೆಯೊಳಗೆ −49 ಕಂಡ ಕೂಡಲೇ ಪೆನ್ನು ಕೆಳಗಿಡುತ್ತದೆ. ಮೂರು ಅಂಕದಲ್ಲಿ ಒಂದು ಬಂದರೆ ಪುಣ್ಯ. ಋಣ ಚಿಹ್ನೆ, ಆವರಣ ಬಿಡಿಸುವುದು, ಭಿನ್ನರಾಶಿ, ಪಕ್ಷಾಂತರ (ಪದವನ್ನು ಸಮೀಕರಣದ ಆಚೆ ಬದಿಗೆ ಒಯ್ಯುವುದು): ಈ ನಾಲ್ಕು ಸರಿಹೋದರೆ ಶ್ರೇಢಿ, ವರ್ಗ ಸಮೀಕರಣ, ನಿರ್ದೇಶಾಂಕ ರೇಖಾಗಣಿತ, ಸಂಖ್ಯಾಶಾಸ್ತ್ರ ಎಲ್ಲದರಲ್ಲೂ ಒಟ್ಟಿಗೇ ಅಂಕ ಏರುತ್ತದೆ. ಅದಕ್ಕೇ ಮೊದಲ ಎರಡು ವಾರ ಗಣಿತದ ವಿಶೇಷ ತರಗತಿಯ ಮೊದಲ ಇಪ್ಪತ್ತು ನಿಮಿಷ ಇವಕ್ಕೇ ಇಡಿ. ಕರಿಹಲಗೆಯ ಮೇಲೆ ಹತ್ತು ಲೆಕ್ಕ, ಸ್ಲೇಟೋ ರಫ್ ಹಾಳೆಯೋ ಏನಾದರೂ ಸರಿ, ಉತ್ತರ ಎತ್ತಿ ತೋರಿಸಬೇಕು. ಜೂನ್‌ನ ಸೇತುಬಂಧದಲ್ಲಿ (ಹಿಂದಿನ ತರಗತಿಯ ಕಲಿಕೆಯನ್ನು ಸರಿಪಡಿಸುವ ವರ್ಷಾರಂಭದ ಪಾಠಗಳಲ್ಲಿ) ಆಗಬೇಕಿದ್ದ ಕೆಲಸ ಇದು. ಅದು ದಾಖಲೆಯಲ್ಲೇ ಮುಗಿದಿರುತ್ತದೆ, ಬಿಡಿ.

ಇನ್ನು "ಅ" ಗುಂಪಿನ ಅಂಕಗಳು. ಮೌಲ್ಯಮಾಪಕರು ಹಂತಕ್ಕೆ ಅಂಕ ಕೊಡುತ್ತಾರೆ. ಪರೀಕ್ಷಾ ಮಂಡಳಿಯ ಹಳೆಯ ಪತ್ರಿಕೆಗಳ ಮಾದರಿ ಉತ್ತರ ತೆಗೆದು, ಎಲ್ಲೆಲ್ಲಿ ಅರ್ಧ ಅಂಕ ಬಿದ್ದಿದೆ ಎಂದು ಮಕ್ಕಳಿಗೇ ತೋರಿಸಿ. ಪ್ರಮೇಯದಲ್ಲಿ ಚಿತ್ರ, ದತ್ತ, ಸಾಧನೀಯ, ರಚನೆ ಇವಿಷ್ಟನ್ನು ಬರೆದರೆ ಸಾಧನೆಗೆ ಹೋಗುವ ಮುಂಚೆಯೇ ಅಂಕ ಕೈಸೇರಿರುತ್ತದೆ. ಸಾಧನೆ ಬರದ ಮಗು ಪ್ರಶ್ನೆಯನ್ನೇ ಬಿಟ್ಟುಬಿಡುತ್ತದೆ, ಅದು ಶುದ್ಧ ನಷ್ಟ. ನಕ್ಷೆಯ ಲೆಕ್ಕದಲ್ಲಿ ಪ್ರತಿ ಸಮೀಕರಣಕ್ಕೆ ಮೂರು ಬಿಂದು ಹಾಕಿಸಿ. ಎರಡು ಸಾಕು ನಿಜ, ಮೂರನೆಯದು ಸಾಲಿಗೆ ಬರದಿದ್ದರೆ ತಪ್ಪಾಗಿದೆ ಎಂದು ಮಗುವಿಗೇ ಗೊತ್ತಾಗುತ್ತದೆ. ಅಕ್ಷಗಳಿಗೆ ಹೆಸರು, ಪ್ರಮಾಣ, ಕೊನೆಗೆ ಛೇದಿಸುವ ಬಿಂದುವಿನಿಂದ ಎಕ್ಸ್, ವೈ ಬೆಲೆ ಪ್ರತ್ಯೇಕವಾಗಿ ಬರೆಯುವುದು. ಈ ಕೊನೆಯ ಸಾಲನ್ನು ಬಹಳ ಮಕ್ಕಳು ಮರೆಯುತ್ತಾರೆ. ಗೆರೆ ಎಳೆದರೆ ಲೆಕ್ಕ ಮುಗಿಯಿತು ಅನ್ನುವ ಭಾವನೆ.

ಬಹು ಆಯ್ಕೆಯಲ್ಲೂ ಒಂದು ಗುಂಡಿ ಇದೆ. ಕ್ರಮಾಕ್ಷರದೊಂದಿಗೆ ಪೂರ್ಣ ಉತ್ತರ ಬರೆಯಿರಿ ಎಂದು ಪತ್ರಿಕೆಯಲ್ಲೇ ಇರುತ್ತದೆ. ಬರೀ "ಬಿ" ಎಂದು ಬರೆದು ಮುಂದೆ ಹೋಗುವ ಅಭ್ಯಾಸವನ್ನು ಈಗಲೇ ಬಿಡಿಸಿ.

---

ಬಯಲುಸೀಮೆ ಮೇಡಂ

ಮೇಷ್ಟ್ರು ಹೇಳಿದ್ದರಲ್ಲಿ ತಕರಾರಿಲ್ಲ. ಆದರೆ ಆ ಹಾಳೆಯಲ್ಲಿ ಉದ್ದಕ್ಕೂ "ಖಾ" ಬಿದ್ದಿರುವ ಆರೇಳು ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ಋಣ ಚಿಹ್ನೆಯ ಪಾಠವೂ ಹತ್ತುವುದಿಲ್ಲ. ಅವರು ಪ್ರಶ್ನೆಯನ್ನು ಓದಿರುವುದೇ ಇಲ್ಲ.

ಪರೀಕ್ಷಿಸುವುದು ಸುಲಭ. ಐದನೇ ತರಗತಿಯ ಕನ್ನಡ ಪುಸ್ತಕದಿಂದ ಒಂದು ಪ್ಯಾರಾ ಕೊಟ್ಟು, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ. ತರಗತಿಯ ಮುಂದೆ ಬೇಡ, ಹದಿನೈದರ ಮಕ್ಕಳು ಅವಮಾನಕ್ಕೆ ಮರುದಿನವೇ ಶಾಲೆ ಬಿಡುತ್ತಾರೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾರಾ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತಾರಾ ನೋಡಿ. ಹಾಗಿದ್ದರೆ ವಿಜ್ಞಾನದ "ಪ್ರತ್ಯಾಮ್ಲ", "ದ್ಯುತಿಸಂಶ್ಲೇಷಣೆ", "ಸಾರರಿಕ್ತ" ಅವರಿಗೆ ಕಲ್ಲಿನ ಗೋಡೆ. ಪ್ಯಾಕೇಜನ್ನು ಗಿಳಿಪಾಠ ಮಾಡಿಸಿದರೂ, ಪ್ರಶ್ನೆಯ ಮಾತು ಸ್ವಲ್ಪ ಬದಲಾದರೆ ಯಾವ ಉತ್ತರ ಎಲ್ಲಿಗೆ ಎಂದು ತಿಳಿಯುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬಾಯಿಪಾಠ ಒಪ್ಪಿಸುವಾಗ ನೀವು ಪ್ರಶ್ನೆಯನ್ನು ಓದಿ ಹೇಳುತ್ತೀರಿ. ಪರೀಕ್ಷೆಯಲ್ಲಿ ಓದಿ ಹೇಳುವವರು ಯಾರೂ ಇಲ್ಲ.

ಎಂಟು ವಾರದಲ್ಲಿ ಇವರನ್ನು ಸರಾಗ ಓದುಗರನ್ನಾಗಿ ಮಾಡಲಾಗದು, ಆದರೆ ಪತ್ರಿಕೆ ಓದುವಷ್ಟಕ್ಕೆ ತರಬಹುದು. ದಿನಕ್ಕೆ ಇಪ್ಪತ್ತೈದು ನಿಮಿಷ, ಕನ್ನಡ ಅಥವಾ ಸಮಾಜದ ಶಿಕ್ಷಕರೇ ಮಾಡಲಿ. ಪಠ್ಯ ಬೇಡ, ಹಳೆಯ ಪ್ರಶ್ನೆ ಪತ್ರಿಕೆಯನ್ನೇ ಓದಿಸಿ. ಪ್ರಶ್ನೆಯ ಕೊನೆಯ ಕ್ರಿಯಾಪದಕ್ಕೆ ಗೆರೆ ಎಳೆಸಿ: ಹೆಸರಿಸಿ, ಕಾರಣ ಕೊಡಿ, ವ್ಯತ್ಯಾಸ ಬರೆಯಿರಿ, ವಿವರಿಸಿ. "ಹೆಸರಿಸಿ" ಎಂದರೆ ಒಂದು ಪದ, "ವ್ಯತ್ಯಾಸ" ಎಂದರೆ ನಡುವೆ ಗೆರೆ ಎಳೆದು ಎರಡು ಕಂಬ. ಎರಡು ಅಂಕಕ್ಕೆ ಎರಡು ಅಂಶ, ನಾಲ್ಕು ಅಂಕಕ್ಕೆ ನಾಲ್ಕು ಅಂಶ, ಒಂದೊಂದೂ ಹೊಸ ಸಾಲಿನಲ್ಲಿ. ಪ್ಯಾರಾ ಕಟ್ಟಿ ಬರೆದರೆ ಮೌಲ್ಯಮಾಪಕರು ಅಂಶ ಹುಡುಕಬೇಕು, ದಿನಕ್ಕೆ ಅಷ್ಟೊಂದು ಪತ್ರಿಕೆ ನೋಡುವವರಿಗೆ ಆ ವ್ಯವಧಾನ ಎಲ್ಲಿಂದ ಬರಬೇಕು?

ವಿಜ್ಞಾನದ ಬಗ್ಗೆ ನಾಲ್ಕು ಮಾತು. ಚಿತ್ರದ ಪ್ರಶ್ನೆಯಲ್ಲಿ ಚಿತ್ರಕ್ಕೊಂದು ಅಂಕವಾದರೆ ಭಾಗ ಗುರುತಿಸುವುದಕ್ಕೂ ಅಂಕ ಇರುತ್ತದೆ. ಹೃದಯದ ಸೀಳುನೋಟವನ್ನು ಅಂದವಾಗಿ ಬರೆದು, ಕೇಳಿದ ಎರಡು ಭಾಗ ಬಿಟ್ಟು ತನಗೆ ಗೊತ್ತಿರುವ ಬೇರೆ ಎರಡು ಭಾಗ ಗುರುತಿಸುವ ಮಕ್ಕಳಿದ್ದಾರೆ. ಮಸೂರದ ರೇಖಾಚಿತ್ರದಲ್ಲಿ ಕಿರಣಕ್ಕೆ ಬಾಣದ ಗುರುತು ಹಾಕದಿದ್ದರೆ ಅಂಕ ಹೋಗುತ್ತದೆ. ಸಮೀಕರಣ ಸರಿದೂಗಿಸುವಾಗ ಸಂಖ್ಯೆಯನ್ನು ಅಣುಸೂತ್ರದ ಮುಂದೆ ಹಾಕಬೇಕು. ಮಕ್ಕಳು ಸೂತ್ರದ ಒಳಗೇ 2 ಸೇರಿಸಿ ನೀರನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡಿಬಿಡುತ್ತಾರೆ. ಸಮಾಂತರ ಜೋಡಣೆಯಲ್ಲಿ 2 ಓಮ್, 3 ಓಮ್ ರೋಧಕ ಕೊಟ್ಟರೆ 1/2 + 1/3 = 5/6 ಎಂಬಲ್ಲಿಗೆ ನಿಲ್ಲಿಸಿ ಅದನ್ನೇ ಉತ್ತರ ಎನ್ನುತ್ತಾರೆ. ತಿರುಗಿಸಿ 6/5, ಅಂದರೆ 1.2 ಓಮ್ ಎಂದು ಬರೆಯುವ ಸಾಲು ಬಿಟ್ಟುಹೋಗುತ್ತದೆ. ಏಕಮಾನವಂತೂ ಅರ್ಧ ತರಗತಿ ಬರೆಯುವುದೇ ಇಲ್ಲ.

ಸಮಾಜದಲ್ಲಿ ಚಿಂತೆಯಿಲ್ಲ ಅಂದಿರಿ. ಹಾಗಾದರೆ ಭಾರತದ ನಕಾಶೆಯ ಐದು ಅಂಕ ಎಲ್ಲ ಮಕ್ಕಳಿಗೂ ಬರುತ್ತಿದೆಯಾ ನೋಡಿ. ಅಚ್ಚು ಇಲ್ಲದೆ ಹೊರರೇಖೆ ಬರೆಯುವುದು ಕೈಗೆ ಬರಬೇಕಾದ ಕೆಲಸ, ಓದಿ ಬರುವುದಲ್ಲ. ದಿನಕ್ಕೊಂದು ನಕಾಶೆ, ನಾಲ್ಕು ಸ್ಥಳ. ಓದಲು ಕಷ್ಟಪಡುವ ಮಕ್ಕಳೂ ಇದನ್ನು ಖುಷಿಯಿಂದ ಮಾಡುತ್ತಾರೆ.

---

ಹೊಸ ಹೆಚ್‌ಎಂ

ಮೇಷ್ಟ್ರೇ, ಮೇಡಂ, ಇಬ್ಬರಿಗೂ ಧನ್ಯವಾದ. ಹಾಳೆ ಮಾಡಿಸುತ್ತೇನೆ. ಎರಡು ಅನುಮಾನ. ಗುಂಪು ಮಾಡಿದರೆ ಕೂರಿಸಲು ಕೋಣೆ ಇದೆ, ಶಿಕ್ಷಕರು ಸಾಲದು. ಎರಡನೆಯದು, ಇಂಗ್ಲಿಷ್ ಶಿಕ್ಷಕರು ಸಂಜೆ ತರಗತಿಯಲ್ಲಿ ಪದ್ಯ ಓದಿಸುತ್ತಲೇ ಇದ್ದಾರೆ, ಅಂಕ ಮಾತ್ರ ಅಲ್ಲೇ ಇದೆ.

---

ಗಣಿತದ ಮೇಷ್ಟ್ರು

ಅಂಕದ ಲೆಕ್ಕದಲ್ಲಿ ಎ, ಬಿ, ಸಿ ಎಂದು ಗುಂಪು ಮಾಡುವುದು ವಾಡಿಕೆ. ಅದು ಬೇಡ. "ಸಿ ಗುಂಪು" ಎಂದು ಕರೆಸಿಕೊಂಡ ಮಗು ಅಲ್ಲೇ ಉಳಿಯುತ್ತದೆ. ಕಾರಣದ ಮೇಲೆ ಗುಂಪು ಮಾಡಿ: ಹಂತ ಬಿಡುವವರು, ಮೂಲಕ್ರಿಯೆ ತಪ್ಪುವವರು, ಓದಲು ಕಷ್ಟಪಡುವವರು, ಸಮಯ ಸಾಲದವರು. ಒಂದೇ ಮಗು ಗಣಿತಕ್ಕೆ ಒಂದರಲ್ಲಿ, ವಿಜ್ಞಾನಕ್ಕೆ ಇನ್ನೊಂದರಲ್ಲಿ ಇರಬಹುದು. ಎರಡು ವಾರಕ್ಕೊಮ್ಮೆ ಬದಲಿಸಿ.

ಶಿಕ್ಷಕರ ಕೊರತೆಗೆ ಉಪಾಯ ಹೀಗೆ. ಒಂದು ಸಂಜೆಗೆ ಒಂದೇ ವಿಷಯ. ಆ ವಿಷಯದ ಶಿಕ್ಷಕರು ಮೂಲಕ್ರಿಯೆ ತಪ್ಪುವವರ ಜೊತೆ ಕೂರಲಿ, ಬೇರೆ ಒಬ್ಬರು ಓದುವ ಗುಂಪಿಗೆ. ಹಂತ ಬಿಡುವವರಿಗೆ ಶಿಕ್ಷಕರೇ ಬೇಕಿಲ್ಲ: ಮಾದರಿ ಉತ್ತರ ಕೊಟ್ಟು, ಪಕ್ಕದವರ ಪತ್ರಿಕೆಯನ್ನು ಅರ್ಧರ್ಧ ಅಂಕದ ಲೆಕ್ಕದಲ್ಲಿ ತಿದ್ದಲು ಹೇಳಿ. ಇನ್ನೊಬ್ಬರ ತಪ್ಪು ಹುಡುಕುವುದರಲ್ಲಿ ಮಕ್ಕಳು ನಮಗಿಂತ ಕಟ್ಟುನಿಟ್ಟು.

ಬೆಳಿಗ್ಗೆ, ಸಂಜೆ ಎರಡೂ ಹೊತ್ತು ತರಗತಿ ಇದ್ದರೆ ಮಗು ಬರೆದು ಅಭ್ಯಾಸ ಮಾಡುವುದು ಯಾವಾಗ? ಎರಡರಲ್ಲಿ ಒಂದನ್ನು ಪೂರ್ತಿ ಬರವಣಿಗೆಗೆ ಬಿಡಿ. ಶಿಕ್ಷಕರು ಬಾಯಿ ತೆರೆಯಬಾರದು. ದಿನಕ್ಕೆ ಐದು ಒಂದಂಕದ ಪ್ರಶ್ನೆ, ಐದೂ ಬೇರೆ ಬೇರೆ ಪಾಠದಿಂದ, ಅದರಲ್ಲಿ ಎರಡು ಹಿಂದಿನ ವಾರ ತಪ್ಪಾದವು. ಒಂದೇ ಪಾಠದ ಹತ್ತು ಲೆಕ್ಕ ಒಟ್ಟಿಗೆ ಮಾಡಿಸಿದರೆ ಆ ದಿನ ಎಲ್ಲ ಸರಿ ಬರುತ್ತದೆ, ಯಾವ ಸೂತ್ರ ಎಂದು ಯೋಚಿಸುವ ಪ್ರಸಂಗವೇ ಬರುವುದಿಲ್ಲ. ಪರೀಕ್ಷೆಯಲ್ಲಿ ಬೇಕಾಗುವುದು ಆ ಯೋಚನೆಯೇ. ವಾರಕ್ಕೊಮ್ಮೆ 20 ಅಂಕದ ಕಿರುಪರೀಕ್ಷೆ, ಮರುದಿನವೇ ಪತ್ರಿಕೆ ವಾಪಸು. ಹತ್ತು ದಿನ ಬಿಟ್ಟು ಕೊಟ್ಟ ಪತ್ರಿಕೆಯನ್ನು ಮಗು ಮೇಲಿನ ಅಂಕ ನೋಡಿ ಮಡಚಿಡುತ್ತದೆ.

ಕೊನೆಯ ಮೂರು ವಾರ ಪೂರ್ಣ ಅವಧಿಯ ಪರೀಕ್ಷೆ ಬರೆಸಿ. ಆರಂಭದ ಹದಿನೈದು ನಿಮಿಷದ ಓದುವ ಸಮಯವನ್ನು ಹೇಗೆ ಬಳಸಬೇಕೆಂದು ಕಲಿಸಬೇಕು: "ಅಥವಾ" ಇರುವಲ್ಲಿ ಯಾವುದು ಎಂದು ಆಗಲೇ ತೀರ್ಮಾನಿಸುವುದು, ಬರುವ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಗುರುತು ಮಾಡುವುದು. ಸಮಯ ಸಾಲದ ಗುಂಪಿಗೆ ನಾಲ್ಕು ಅಂಕದ ನಕ್ಷೆ, ಬರುವ ಪ್ರಮೇಯ ಮೊದಲು ಬರೆದು ಆಮೇಲೆ ಸಣ್ಣವಕ್ಕೆ ಬರಲು ಹೇಳಿ. ಪ್ರಶ್ನೆ ಸಂಖ್ಯೆ ಸರಿಯಾಗಿ ನಮೂದಿಸಿದರೆ ಕ್ರಮ ತಪ್ಪಿದ್ದಕ್ಕೆ ಅಂಕ ಹೋಗುವುದಿಲ್ಲ.

ಏನು ಬಿಡಬೇಕು ಎಂದು ಶೀರ್ಷಿಕೆಯಲ್ಲೇ ಕೇಳಿದ್ದೀರಿ. ತಪ್ಪು ಹೆಚ್ಚಿರುವ ಮಕ್ಕಳಿಗೆ ಐದು ಅಂಕದ ಕೊನೆಯ ಪ್ರಶ್ನೆ, ತ್ರಿಕೋನಮಿತಿಯ ನಿತ್ಯಸಮೀಕರಣ ಸಾಧಿಸುವ ಲೆಕ್ಕ, ಘನಾಕೃತಿಗಳನ್ನು ಜೋಡಿಸಿದ ಘನಫಲದ ಲೆಕ್ಕ ಬಿಡಿ. ಸಂಖ್ಯಾಶಾಸ್ತ್ರದ ಸರಾಸರಿ, ಮಧ್ಯಾಂಕ, ಬಹುಲಕ ಬಿಡಬೇಡಿ. ಕೋಷ್ಟಕ ಕಟ್ಟಿದರೆ ಅರ್ಧ ಕೆಲಸ ಆಯಿತು. ಸಂಭವನೀಯತೆಯನ್ನೂ ಬಿಡಬೇಡಿ. ಚೆನ್ನಾಗಿ ಓದುವ ಮಕ್ಕಳಿಗೆ ಈ ಕತ್ತರಿ ಬೇಡ. ಎಲ್ಲರಿಗೂ ಒಂದೇ ಪ್ಯಾಕೇಜ್ ಹಂಚಿದಾಗ ಆಗುವ ದೊಡ್ಡ ಅನ್ಯಾಯ ಅದೇ: 70 ತೆಗೆಯಬಹುದಾದ ಮಗು 50ಕ್ಕೆ ನಿಲ್ಲುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ.

---

ಬಯಲುಸೀಮೆ ಮೇಡಂ

ಇಂಗ್ಲಿಷಿಗೆ ಚುಟುಕಾಗಿ. ಪದ್ಯ ಓದಿಸುವುದನ್ನು ನಿಲ್ಲಿಸಿ ಬರೆಸಲಿ. ಕಂಠಪಾಠದ ಪದ್ಯವನ್ನು ಬಾಯಲ್ಲಿ ಹೇಳುವ ಮಗು ಕಾಗುಣಿತ ಗೊತ್ತಿಲ್ಲದೆ ಅರ್ಧಕ್ಕೆ ನಿಲ್ಲಿಸುತ್ತದೆ. ಪತ್ರಲೇಖನಕ್ಕೆ ಐದು ಅಂಕ, ಅದರಲ್ಲಿ ವಿಳಾಸ, ದಿನಾಂಕ, ಸಂಬೋಧನೆ, ಮುಕ್ತಾಯ ಸರಿ ಇದ್ದರೆ ನಡುವಿನ ಇಂಗ್ಲಿಷ್ ಕುಂಟಿದರೂ ಒಂದಿಷ್ಟು ಬರುತ್ತದೆ. ಖಾಸಗಿ ಪತ್ರ ಒಂದು, ವ್ಯವಹಾರ ಪತ್ರ ಒಂದು, ಎರಡೇ ಚೌಕಟ್ಟು ಕಣ್ಣುಮುಚ್ಚಿ ಬರೆಯುವಂತಾಗಲಿ. ಓದದ ಗದ್ಯಭಾಗದ ಪ್ರಶ್ನೆಗೆ ಉತ್ತರ ಆ ಗದ್ಯದಲ್ಲೇ ಇರುತ್ತದೆ. ಪ್ರಶ್ನೆಯ ಒಂದು ಪದವನ್ನು ಗದ್ಯದಲ್ಲಿ ಹುಡುಕಿ, ಆ ಪೂರ್ತಿ ವಾಕ್ಯವನ್ನು ಎತ್ತಿ ಬರೆಯುವ ಅಭ್ಯಾಸ ದಿನಕ್ಕೊಂದು. ಇದನ್ನು ಇಂಗ್ಲಿಷ್ ಕಲಿಕೆ ಎನ್ನಲು ನನಗೂ ಮನಸ್ಸಿಲ್ಲ, ಎಂಟು ವಾರದಲ್ಲಿ ಸಾಧ್ಯವಾಗುವುದು ಇದು.

---

ಅಂಕಿ ಸಂಖ್ಯೆ

ಮೂರನೇ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ, ಅದಕ್ಕೇ ಬಂದೆ.

"ಹೋದ ವರ್ಷಕ್ಕಿಂತ ಎಷ್ಟು ಏರಿಕೆ" ಎಂಬ ಪ್ರಶ್ನೆಯೇ ಡೊಂಕು. ರಾಜ್ಯದ ಲೆಕ್ಕ ನೋಡಿ. 2023ರಲ್ಲಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾದಿಂದ ನೇರವಾಗಿ ನಿಗಾ ಇಡುವ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿಯೂ ಪರೀಕ್ಷೆ-1ರ ಫಲಿತಾಂಶ 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಶಾಲಾ ಅಭ್ಯರ್ಥಿಗಳ ಫಲಿತಾಂಶ 66.14 ಆಯಿತು. ಅದಕ್ಕೂ ಹಿಂದೆ 2021ರಲ್ಲಿ ಕೋವಿಡ್ ಕಾರಣಕ್ಕೆ ಬಹು ಆಯ್ಕೆ ಮಾದರಿಯ ಪರೀಕ್ಷೆ ನಡೆದು ಹೆಚ್ಚುಕಡಿಮೆ ಎಲ್ಲರೂ ಪಾಸಾದರು. 2023ರಿಂದ 2025ರವರೆಗಿನ ಎರಡು ವರ್ಷದಲ್ಲಿ ಮಕ್ಕಳ ಕಲಿಕೆ ಸುಮಾರು 18 ಅಂಶ ಕುಸಿಯಿತೆಂದು ಯಾರೂ ಹೇಳಲಾರರು. ಬದಲಾದದ್ದು ಅಳತೆಗೋಲು, ಮತ್ತು ಕೊಠಡಿಯೊಳಗೆ ನಡೆಯುತ್ತಿದ್ದ "ಸಹಾಯ".

ಈಗ ಗೋಲು ಮತ್ತೆ ಬದಲಾಗಿದೆ. 2025ರ ಅಕ್ಟೋಬರಿನಲ್ಲಿ ಪ್ರಕಟವಾದಂತೆ 2025-26ರಿಂದ ಉತ್ತೀರ್ಣಕ್ಕೆ ಒಟ್ಟು ಶೇ 33, ಅಂದರೆ 625ಕ್ಕೆ 206 ಬೇಕು, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30. ಮೊದಲು 219 ಬೇಕಿತ್ತು. ಆದ್ದರಿಂದ ನಿಮ್ಮ 28ರ ಗೆರೆ ಹಳೆಯದು. ಆದರೂ ಗುರಿಯನ್ನು ಕೆಳಗಿಳಿಸಬೇಡಿ. ಒಂದು ಮಗು ಎಲ್ಲ ವಿಷಯದಲ್ಲೂ ಶೇ 30ರ ಅಂಚಿನಲ್ಲೇ ನಿಂತರೆ ಪ್ರಥಮ ಭಾಷೆಯ 125ಕ್ಕೆ 38, ಉಳಿದ ಐದರಲ್ಲಿ (ಆಂತರಿಕ 20 ಸೇರಿ ತಲಾ 100) 30ರಂತೆ 150, ಒಟ್ಟು 188. 206ಕ್ಕೆ ಇನ್ನೂ 18 ಕಡಿಮೆ, ಮಗು ಫೇಲು. ಆ 18 ಗಣಿತದಿಂದ ಬರುವುದಿಲ್ಲ. ಕನ್ನಡದಿಂದ, ಸಮಾಜದಿಂದ ಬರಬೇಕು. ಗಣಿತದಲ್ಲಿ ಬಡವಾದ ಮಗುವಿಗೆ ಕನ್ನಡದ ಅಂಕ ಏರಿಸುವುದೂ ಪಾಸು ಮಾಡಿಸುವ ಕೆಲಸವೇ. ನಿಮ್ಮ "ಚಿಂತೆಯಿಲ್ಲ" ಪಟ್ಟಿಯನ್ನು ಇನ್ನೊಮ್ಮೆ ನೋಡಿ. ನಿಯಮ ವರ್ಷವರ್ಷ ಬದಲಾಗುತ್ತಿರುವುದರಿಂದ ವಾಟ್ಸಾಪ್ ಸಾರಾಂಶ ನಂಬದೆ ಮಂಡಳಿಯ ಸುತ್ತೋಲೆಯನ್ನೇ ತೆರೆದು ಓದಿ.

ಇನ್ನು ನಿಮ್ಮ ಶಾಲೆಯ ಶೇಕಡಾವಾರು. 41 ಮಕ್ಕಳಲ್ಲಿ ಒಬ್ಬ ಮಗು ಎಂದರೆ ಶೇ 2.4. ಮೂವರಿಗೆ ಪರೀಕ್ಷೆಯ ವಾರ ಜ್ವರ ಬಂದರೆ ಶೇ 7 ಹೋಯಿತು. ಹೀಗಿರುವಾಗ "ಶೇ 8 ಏರಿಸುತ್ತೇನೆ" ಎಂದು ಬರೆಯುವುದು ಲಾಟರಿ. ಸಭೆಗೆ ಇವನ್ನು ಕೊಡಿ: ಪ್ರತಿ ವಿಷಯದ ತರಗತಿ ಸರಾಸರಿ, ಲಿಖಿತದಲ್ಲಿ 80ಕ್ಕೆ 15ಕ್ಕಿಂತ ಕಡಿಮೆ, 15–27, 28–40, ಅದಕ್ಕಿಂತ ಮೇಲೆ ಎಷ್ಟೆಷ್ಟು ಮಕ್ಕಳು, ಮುಂದಿನ ಪೂರ್ವಸಿದ್ಧತಾ ಪರೀಕ್ಷೆಗೆ ಯಾವ ಪಟ್ಟಿಯಿಂದ ಎಷ್ಟು ಮಂದಿ ಮೇಲೇರಬೇಕು, ಅದಕ್ಕೆ ವಾರಕ್ಕೆ ಏನು ಮಾಡುತ್ತೀರಿ. ಗಣಿತದ ಹುದ್ದೆ ಖಾಲಿ ಇರುವುದನ್ನು ಅದೇ ಹಾಳೆಯಲ್ಲಿ ದಿನಾಂಕ ಸಹಿತ ನಮೂದಿಸಿ. ಮೇಷ್ಟ್ರ ಹಾಳೆಯನ್ನು ಲಗತ್ತಿಸಿದರೆ ಯಾರೂ ಮರುಮಾತಾಡುವುದಿಲ್ಲ.

ಶೇಕಡಾವಾರಿನ ಒತ್ತಡ ಬಂದಾಗ ಕೆಲವು ಕಡೆ ಇನ್ನೊಂದು ದಾರಿ ಹಿಡಿಯುತ್ತಾರೆ: ಓದದ ಮಕ್ಕಳನ್ನು ಒಂಬತ್ತರಲ್ಲೇ ನಿಲ್ಲಿಸುವುದು, ಹತ್ತರಲ್ಲಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸುವುದು. ಛೇದ ಕಡಿಮೆಯಾಗಿ ಶಾಲೆಯ ಫಲಿತಾಂಶ ಏರುತ್ತದೆ. ಆ ಮಗು ಲೆಕ್ಕದಿಂದಲೇ ಮಾಯ. ಯಾರಾದರೂ ನಿಮ್ಮ ಕಿವಿಯಲ್ಲಿ ಹೇಳಿದರೆ ಕೇಳಿಸಿಕೊಳ್ಳಬೇಡಿ.

---

ಗುಳೆ ಊರಿನವರು

ಒಂದೆರಡು ವಿಷಯ ಬಿಟ್ಟುಹೋಗಿವೆ.

ಹಾಜರಾತಿ. ಪರೀಕ್ಷೆಗೆ ಕೂರಲು ಶೇ 75 ಬೇಕು, ಅದು ಕಾಗದದ ಮಾತು. ನಿಜವಾದ ಹಾಜರಾತಿಯನ್ನು ಆ 38 ಕಂಬದ ಹಾಳೆಯ ಪಕ್ಕದಲ್ಲಿ ಒಂದು ಕಂಬವಾಗಿ ಸೇರಿಸಿ. ಉದ್ದಕ್ಕೂ "ಖಾ" ಇರುವ ಮಕ್ಕಳಲ್ಲಿ ಕೆಲವರಿಗೆ ಓದಲು ಬರುತ್ತದೆ, ಅವರು ಹತ್ತಿ ಬಿಡಿಸುವ ಕಾಲಕ್ಕೋ ಕಬ್ಬಿನ ಕಾಲಕ್ಕೋ ಮನೆಯವರ ಜೊತೆ ಹೋಗಿರುತ್ತಾರೆ. ಅಂಥವರಿಗೆ ಮೊದಲ ಪಾಠದಿಂದ ಶುರು ಮಾಡಬೇಡಿ, ಅವರು ಇಲ್ಲದ ವಾರಗಳಲ್ಲಿ ನಡೆದ ಪಾಠಗಳ ಪಟ್ಟಿ ಮಾಡಿ ಅಷ್ಟನ್ನೇ ತುಂಬಿ. ಪೋಷಕರಿಗೆ ಫೋನ್ ಮಾಡಿದರೆ "ಆಯ್ತು ಸರ್" ಅನ್ನುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರನ್ನು ಕರೆದುಕೊಂಡು ಮನೆಗೆ ಹೋಗಿ, ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಮಗು ಉಳಿಯುವ ವ್ಯವಸ್ಥೆ ಮಾತಾಡಬೇಕು.

ವಿಶೇಷ ಅಗತ್ಯವುಳ್ಳ ಮಕ್ಕಳಿದ್ದರೆ ಹೆಚ್ಚುವರಿ ಸಮಯ, ಲಿಪಿಕಾರರ ಸೌಲಭ್ಯ ಇದೆ. ವೈದ್ಯಕೀಯ ಪ್ರಮಾಣಪತ್ರದ ಜೊತೆ ನೀವೇ ಮುಂಚಿತವಾಗಿ ಕಳಿಸಬೇಕು, ಪರೀಕ್ಷೆಯ ಹಿಂದಿನ ದಿನ ನೆನಪಾದರೆ ಪ್ರಯೋಜನವಿಲ್ಲ. ಮೇಡಂ ಹೇಳಿದ ಓದಿಸುವ ಪರೀಕ್ಷೆಯಲ್ಲಿ ಅಕ್ಷರವನ್ನೇ ತಿರುವಿ ಓದುವ ಮಗು ಸಿಕ್ಕರೆ ಸೋಮಾರಿ ಎಂದು ಬಿಡಬೇಡಿ, ತಪಾಸಣೆಗೆ ಕಳಿಸಿ.

ಕೊನೆಯದು ಪರೀಕ್ಷೆ-1ರ ನಂತರದ ಅವಕಾಶಗಳು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇವೆ, ಇರುವ ಅಂಕಗಳಲ್ಲಿ ಒಳ್ಳೆಯದನ್ನೇ ಉಳಿಸಿಕೊಳ್ಳಬಹುದು. ಇದನ್ನು ಈಗಲೇ ಮಕ್ಕಳಿಗೆ ಹೇಳಬೇಕೋ ಬೇಡವೋ ಎಂಬ ಚರ್ಚೆ ಇದೆ. "ಹೇಗೂ ಇನ್ನೊಂದು ಸಲ ಇದೆ" ಎಂದು ಸಡಿಲ ಬಿಡುತ್ತಾರೆ ಎಂಬ ಭಯ. ಪೋಷಕರಿಗಂತೂ ಈಗಲೇ ಹೇಳಿ. ಫಲಿತಾಂಶದ ದಿನ ಫೇಲಾದ ಮಗುವಿನ ಮನೆಗೆ ಆ ದಿನವೇ ಸುದ್ದಿ ಹೋಗದಿದ್ದರೆ ಹುಡುಗ ಕೆಲಸಕ್ಕೆ ಬೆಂಗಳೂರು ಬಸ್ಸು ಹತ್ತಿರುತ್ತಾನೆ, ಹುಡುಗಿಗೆ ಗಂಡು ನೋಡಲು ಶುರುಮಾಡಿರುತ್ತಾರೆ. ಒಂದೋ ಎರಡೋ ವಿಷಯದಲ್ಲಿ ಹೋದವರ ಪಟ್ಟಿ ಮಾಡಿಕೊಂಡು, ಪರೀಕ್ಷೆ-2ರ ನೋಂದಣಿಯನ್ನು ಶಾಲೆಯಿಂದಲೇ ಮಾಡಿಸಿ, ಬೇಸಿಗೆ ರಜೆಯಲ್ಲಿ ಆ ವಿಷಯಕ್ಕೆ ಮಾತ್ರ ತರಗತಿ ನಡೆಸಿ.

ಸ್ವಲ್ಪದರಲ್ಲಿ ಹೋದವರಿಗೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿಸಿ. ಪ್ರತಿ ಬಂದ ಮೇಲೆ ಮಾದರಿ ಉತ್ತರ ಇಟ್ಟುಕೊಂಡು ವಿಷಯ ಶಿಕ್ಷಕರು ಸಾಲು ಸಾಲಾಗಿ ನೋಡಲಿ. ಕೂಡಿದ್ದು ತಪ್ಪಿದ್ದರೆ ಮರುಎಣಿಕೆ, ಅಂಕ ಕೊಡದೆ ಬಿಟ್ಟಿದ್ದರೆ ಮರುಮೌಲ್ಯಮಾಪನ. ಎರಡಕ್ಕೂ ಕೊನೆಯ ದಿನಾಂಕ ಬಹಳ ಹತ್ತಿರ ಇರುತ್ತದೆ. ಮರುಮೌಲ್ಯಮಾಪನಕ್ಕೆ ಹಾಕಿದ್ದೇವೆ ಎಂದು ಪರೀಕ್ಷೆ-2ರ ನೋಂದಣಿ ಬಿಡಬೇಡಿ, ಎರಡನ್ನೂ ಒಟ್ಟಿಗೇ ಮಾಡಿಸಿ.